ಭಾನುವಾರದ ಚಿಕನ್ ಸೋಮವಾರಕ್ಕೆ

ರಾಯಚೂರಿನ ನಮ್ಮ ಮನೆಯಲ್ಲಿ ಭಾನುವಾರ ಚಿಕನ್ ತಪ್ಪುವುದಿಲ್ಲ. ಐದು ಜನರಿಗೆ ಎರಡು ಕಿಲೋ ತಂದು, ಒಂದು ಪಾಲನ್ನು ಸಾರಿಗೂ ಇನ್ನೊಂದು ಪಾಲನ್ನು ಕಬಾಬಿಗೂ ಬೇರೆ ಮಾಡಿ, ಮಧ್ಯಾಹ್ನ ಎಲ್ಲರೂ ಹೊಟ್ಟೆ ತುಂಬ ಉಂಡ ಮೇಲೂ ಹತ್ತೆಂಟು ತುಂಡು ಕಬಾಬು, ಮೂರ್ನಾಲ್ಕು ಲೆಗ್ ಪೀಸು ಉಳಿದೇ ಉಳಿಯುತ್ತವೆ. ಇವನ್ನು ಸೋಮವಾರ ಬಿಸಿ ಮಾಡುವ ಕೆಲಸ ಮೊದಲು ಹೆಂಚಿನ ಮೇಲೆ ನಡೆಯುತ್ತಿತ್ತು, ಆಮೇಲೆ ಮೈಕ್ರೋವೇವ್‌ನಲ್ಲಿ, ಈಗ ಒಂದೂವರೆ ವರ್ಷದಿಂದ ಏರ್ ಫ್ರೈಯರ್‌ನಲ್ಲಿ. ಮೂರರಲ್ಲಿ ಏರ್ ಫ್ರೈಯರ್ ಚಿಕನ್ನೇ ರುಚಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ರುಚಿಯ ಅರ್ಧ ಭಾಗ ಯಂತ್ರದ್ದಲ್ಲ. ಹಿಂದಿನ ದಿನ ಉಳಿದ ತುಂಡುಗಳನ್ನು ಎಷ್ಟು ಬೇಗ, ಹೇಗೆ ಎತ್ತಿಟ್ಟೆವು ಎಂಬುದರದ್ದು. ನಮ್ಮಂಥ ಬಿಸಿಲಿನ ಊರಿನಲ್ಲಂತೂ ಇದನ್ನು ಬಿಟ್ಟು ಏರ್ ಫ್ರೈಯರಿನ ಮಾತನ್ನು ಆಡುವಂತೆಯೇ ಇಲ್ಲ.

ಮೊದಲ ಸೋಮವಾರ ನಾನು ಮಾಡಿದ ತಪ್ಪನ್ನು ಪೂರ್ತಿಯಾಗಿ ಹೇಳುತ್ತೇನೆ. ಫ್ರಿಜ್ಜಿನಿಂದ ತೆಗೆದ ಆರು ಲೆಗ್ ಪೀಸುಗಳನ್ನು ಒಂದರ ಮೇಲೊಂದು ಬುಟ್ಟಿಯಲ್ಲಿ ಪೇರಿಸಿ, ಬೇಗ ಬಿಸಿಯಾಗಲಿ ಎಂದು 200 ಡಿಗ್ರಿಗೆ ತಿರುಗಿಸಿ, ಆರು ನಿಮಿಷ ಬಿಟ್ಟೆ. ನಾಲ್ಕನೆಯ ನಿಮಿಷಕ್ಕೆ ಮೆಣಸಿನಪುಡಿಯ ಘಾಟು ಎದ್ದು ಅಡುಗೆಮನೆಯಲ್ಲಿದ್ದವರೆಲ್ಲ ಕೆಮ್ಮತೊಡಗಿದರು. ತೆಗೆದು ನೋಡಿದರೆ ಮೇಲಿನ ತುಂಡುಗಳ ಕೆಂಪು ಮಸಾಲೆ ಕರಕಲಾಗಿತ್ತು, ಕೆಳಗಿನವು ತೇವವಾಗಿಯೇ ಇದ್ದವು, ಮುರಿದು ನೋಡಿದಾಗ ಎಲುಬಿನ ಸುತ್ತಲಿನ ಮಾಂಸ ಫ್ರಿಜ್ಜಿನಲ್ಲಿದ್ದಷ್ಟೇ ತಣ್ಣಗಿತ್ತು. ಮಕ್ಕಳು ಒಂದು ತುತ್ತು ತಿಂದು ತಟ್ಟೆ ಸರಿಸಿದರು.

ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದ ಮೇಲೆ ಈ ತಪ್ಪಿನ ಕಾರಣವೂ ತಿಳಿಯಿತು. ಹೆಸರಿನಲ್ಲಿ ಕರಿಯುವ ಮಾತಿದ್ದರೂ ಏರ್ ಫ್ರೈಯರ್ ಏನನ್ನೂ ಕರಿಯುವುದಿಲ್ಲ. ಮೇಲ್ಗಡೆ ಕಾಯುವ ಒಂದು ಕಾಯಿಲ್, ಆ ಬಿಸಿಯನ್ನು ರಭಸದಿಂದ ಸುತ್ತಿಸುವ ಒಂದು ಫ್ಯಾನ್, ಗಾಳಿ ಕೆಳಗಿನಿಂದಲೂ ಆಡಲೆಂದು ತೂತುಗಳಿರುವ ಬುಟ್ಟಿ, ಇಷ್ಟೇ ಅದರ ಒಡಲು. 2010ರಲ್ಲಿ ಫಿಲಿಪ್ಸ್ ಕಂಪನಿ ಈ ಹೆಸರಿನಲ್ಲಿ ಮಾರುಕಟ್ಟೆಗೆ ತಂದದ್ದು ಮೂಲತಃ ಒಂದು ಪುಟ್ಟ, ಬಿಗಿಯಾದ, ಗಾಳಿ ಬೀಸುವ ಒಲೆಯನ್ನೇ. ಬಿಸಿ ಗಾಳಿ ತಾಗಿದ ಕಡೆ ಮಾತ್ರ ತುಂಡು ಗರಿಗರಿಯಾಗುತ್ತದೆ. ಒಂದರ ಮೇಲೊಂದು ಪೇರಿಸಿದರೆ ತಾಗಿಕೊಂಡ ಜಾಗಕ್ಕೆ ಗಾಳಿ ಹೋಗುವುದಿಲ್ಲ. ಗಾಳಿಯಿಂದ ಮೇಲ್ಮೈಗೆ ಬಂದ ಬಿಸಿ ಅಲ್ಲಿಂದ ಒಳಗೆ ಇಳಿಯುವುದು ಬಹಳ ನಿಧಾನ. ಒಲೆಯನ್ನು ಎಷ್ಟೇ ಜೋರು ಮಾಡಿದರೂ ಮಾಂಸದೊಳಗಿನ ಆ ನಿಧಾನ ಕಡಿಮೆಯಾಗುವುದಿಲ್ಲ, ಹೊರಗಿನ ಮಸಾಲೆ ಸೀಯುತ್ತದೆ ಅಷ್ಟೆ. ಹಾಗಾಗಿ ಈಗ ನಾನು ಮೊದಲು 160 ಡಿಗ್ರಿಯಲ್ಲಿ ಸಾವಕಾಶವಾಗಿ ಒಳಗಿನವರೆಗೆ ಕಾಯಿಸಿ, ಕೊನೆಯ ಎರಡು ನಿಮಿಷ ಮಾತ್ರ 190ಕ್ಕೆ ಏರಿಸುತ್ತೇನೆ. ಎಲುಬಿಲ್ಲದ ಕಬಾಬಿನ ಸಣ್ಣ ತುಂಡುಗಳಿಗೆ ಒಟ್ಟು ನಾಲ್ಕೈದು ನಿಮಿಷ ಸಾಕು. ಲೆಗ್ ಪೀಸುಗಳಿಗೆ ಎಂಟರಿಂದ ಹತ್ತು ನಿಮಿಷ ಬೇಕು, ನಡುವೆ ಒಮ್ಮೆ ಮಗುಚಬೇಕು. ತೊಡೆ ಮತ್ತು ಕಾಲು ಸೇರಿದ ದೊಡ್ಡ ತುಂಡಾಗಿದ್ದರೆ ಕೀಲಿನಲ್ಲಿ ಚಾಕು ಆಡಿಸಿ ಎರಡು ಮಾಡಿಕೊಳ್ಳುವುದು ಒಳ್ಳೆಯದು.

ಕಬಾಬಿನ ವಿಷಯದಲ್ಲಿ ಮೈಕ್ರೋವೇವ್ ಏಕೆ ಸೋಲುತ್ತದೆ ಎಂಬುದನ್ನೂ ಇಲ್ಲೇ ಹೇಳಬೇಕು. ಎಣ್ಣೆಯಲ್ಲಿ ಕರಿದಾಗ ಮೇಲಿನ ಕಾರ್ನ್‌ಫ್ಲೋರ್ ಹಿಟ್ಟಿನ ನೀರೆಲ್ಲ ಆವಿಯಾಗಿ ಹೋಗಿ ಸಣ್ಣ ಸಣ್ಣ ತೂತುಗಳ ಗರಿಗರಿ ಪದರವೊಂದು ಉಳಿಯುತ್ತದೆ. ರಾತ್ರಿಯೆಲ್ಲ ಫ್ರಿಜ್ಜಿನಲ್ಲಿದ್ದಾಗ ಮಾಂಸದ ತೇವ ಆ ಪದರಕ್ಕೆ ಬಂದು ಸೇರಿ ಅದನ್ನು ಮೆತ್ತಗೆ ಮಾಡುತ್ತದೆ. ಮೈಕ್ರೋವೇವ್ ತುಂಡಿನೊಳಗಿನ ನೀರನ್ನು ಕಾಯಿಸಿ ಆವಿಯನ್ನು ಹೊರಗೆ ತಳ್ಳುತ್ತದೆ, ಆದರೆ ಸುತ್ತಲಿನ ಗಾಳಿ ತಣ್ಣಗೇ ಇರುವುದರಿಂದ ಆ ಆವಿ ಮೇಲಿನ ಪದರದಲ್ಲೇ ನಿಂತು ಅದನ್ನು ಇನ್ನಷ್ಟು ತೊಯ್ಯಿಸುತ್ತದೆ. ಏರ್ ಫ್ರೈಯರ್‌ನಲ್ಲಿ ಬೀಸುವ ಒಣ ಗಾಳಿ ಅದೇ ತೇವವನ್ನು ಹೊತ್ತೊಯ್ಯುತ್ತದೆ, ಪದರದಲ್ಲಿ ಮೊದಲೇ ಹೀರಿಕೊಂಡಿದ್ದ ಎಣ್ಣೆ ಮತ್ತೆ ಕಾಯ್ದು ಅದನ್ನು ಗರಿಗೊಳಿಸುತ್ತದೆ. ಆದ್ದರಿಂದ ಕರಿದ ಕಬಾಬಿಗೆ ಮೇಲೆ ಹನಿ ಎಣ್ಣೆಯೂ ಬೇಡ. ಸುಟ್ಟ ಚಿಕನ್ನಿಗೆ ಅಥವಾ ಎದೆಯ ಭಾಗದ ತುಂಡಿಗೆ ಮಾತ್ರ ಬೆರಳಲ್ಲಿ ಸ್ವಲ್ಪ ಎಣ್ಣೆ ಸವರಬೇಕು. ಎದೆಯ ಮಾಂಸದಲ್ಲಿ ಕೊಬ್ಬು ಕಡಿಮೆ, ಎರಡನೆಯ ಸಲ ಕಾಯ್ದರೆ ನಾರುನಾರಾಗುತ್ತದೆ. ಕಾಲಿನ ಮಾಂಸದಲ್ಲಿ ಕೊಬ್ಬೂ ಇದೆ, ಬೆಂದಾಗ ಕರಗಿ ಜಿಗುಟಾಗುವ ಕೊಲಾಜೆನ್ನೂ ಇದೆ. ಅದು ಮರುದಿನದ ಬಿಸಿಯನ್ನು ತಾಳಿಕೊಳ್ಳುತ್ತದೆ. ಭಾನುವಾರ ಬಡಿಸುವಾಗಲೇ ಎದೆಯ ತುಂಡುಗಳನ್ನು ಮೊದಲು ಖರ್ಚು ಮಾಡಿ, ಕಾಲಿನವನ್ನು ಉಳಿಸುವುದು ನನ್ನ ರೂಢಿಯಾಗಿದೆ.

ಇನ್ನು ಎತ್ತಿಡುವ ಮಾತು. ಬೇಯಿಸಿದ ಮಾಂಸ 4 ಡಿಗ್ರಿಗಿಂತ ಮೇಲೆ, 60 ಡಿಗ್ರಿಗಿಂತ ಕೆಳಗೆ ಇದ್ದಷ್ಟು ಹೊತ್ತೂ ಅದರಲ್ಲಿ ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯುತ್ತವೆ. ಆದ್ದರಿಂದ ಅದು ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು, ಸುತ್ತಲಿನ ಉಷ್ಣತೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ ಎಂಬುದು ಆಹಾರ ಸುರಕ್ಷತೆಯ ನಿಯಮ. ಮಾರ್ಚ್ ತಿಂಗಳಿನಿಂದ ಜೂನ್ ಮಳೆ ಬೀಳುವವರೆಗೆ ರಾಯಚೂರಿನ ಯಾವ ಅಡುಗೆಮನೆಯಲ್ಲಿ ಮಧ್ಯಾಹ್ನ 32 ಡಿಗ್ರಿಗಿಂತ ಕಡಿಮೆ ಇರುತ್ತದೆ? ಬೇಸಗೆಯಲ್ಲಿ ಹೊರಗೆ 40 ದಾಟಿದ ದಿನ ಒಲೆ ಉರಿದ ಕೋಣೆಯ ಸ್ಥಿತಿಯನ್ನು ಬೇರೆ ಹೇಳಬೇಕಾಗಿಲ್ಲ. ನಮ್ಮಲ್ಲಿ ಭಾನುವಾರದ ಊಟ ಎರಡು ಗಂಟೆಗೆ ಮುಗಿದು, ಪಾತ್ರೆಗಳು ಸಂಜೆ ಐದರವರೆಗೆ ಕಟ್ಟೆಯ ಮೇಲೇ ಮುಚ್ಚಿಟ್ಟಿರುತ್ತಿದ್ದವು. ಅದನ್ನು ನಾನು ನಿಲ್ಲಿಸಿದ್ದೇನೆ. ಊಟವಾದ ಕೂಡಲೇ ಉಳಿದ ತುಂಡುಗಳನ್ನು ಅಗಲವಾದ ಪರಾತದಲ್ಲಿ ಹರವಿ ಫ್ಯಾನಿನ ಕೆಳಗೆ ಹದಿನೈದು ಇಪ್ಪತ್ತು ನಿಮಿಷ ಆರಿಸಿ, ಚಪ್ಪಟೆ ಡಬ್ಬಿಗಳಲ್ಲಿ ಒಂದೇ ಸಾಲಾಗಿ ಹಾಕಿ ಫ್ರಿಜ್ಜಿನಲ್ಲಿಡುತ್ತೇನೆ. ಆಳವಾದ ಪಾತ್ರೆಯಲ್ಲಿ ಗುಡ್ಡೆ ಹಾಕಿಟ್ಟರೆ ನಡುವಿನ ತುಂಡು ತಣ್ಣಗಾಗಲು ಗಂಟೆಗಟ್ಟಲೆ ಹಿಡಿಯುತ್ತದೆ.

ಈ ವಿಷಯದಲ್ಲಿ ನನಗೂ ಅತ್ತೆಗೂ ಬಹಳ ದಿನ ಮಾತು ನಡೆಯಿತು. "ಒಂದ್ ಕುದಿ ಕುದಿಸಿದ್ರ ಸಾಕವ್ವಾ, ಎಲ್ಲಾ ಸರಿ ಆಗ್ತದ" ಎನ್ನುವುದು ಅವರ ನಂಬಿಕೆ. ಬಹುಪಾಲು ಕ್ರಿಮಿಗಳು ಕುದಿಯಲ್ಲಿ ಸಾಯುತ್ತವೆ, ಅದು ನಿಜ. ಆದರೆ ನಮ್ಮ ಕೈಯಿಂದಲೇ ಅಡುಗೆಗೆ ಸೇರುವ ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಹೊರಗಿಟ್ಟ ಮಾಂಸದಲ್ಲಿ ಬೆಳೆಯುವಾಗ ಒಂದು ವಿಷವನ್ನು ಬಿಡುತ್ತದೆ, ಆ ವಿಷ ಕುದಿಸಿದರೂ ಹೋಗುವುದಿಲ್ಲ. ವಾಸನೆಯಲ್ಲೂ ರುಚಿಯಲ್ಲೂ ಅದು ಗೊತ್ತಾಗುವುದಿಲ್ಲ. ಇದನ್ನು ವಿವರಿಸಿದ ದಿನ ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವು ಹಿಂದೆ ಸಾರಿನ ಪಾತ್ರೆಯನ್ನು ನೀರು ತುಂಬಿದ ಪರಾತದ ನಡುವೆ ಇಡುತ್ತಿದ್ದುದನ್ನು ನೆನಪಿಸಿಕೊಂಡರು. ಇರುವೆ ಬರದಿರಲಿ ಎಂದು ಮಾಡುತ್ತಿದ್ದರಂತೆ. ಅದೇ ನೀರು ಸಾರನ್ನು ಬೇಗ ತಣಿಸುತ್ತಲೂ ಇತ್ತು. ಫ್ರಿಜ್ಜಿಗೆ ಇಡುವ ಮೊದಲು ಸಾರಿನ ಪಾತ್ರೆಯನ್ನು ನಾವು ಈಗಲೂ ಹಾಗೆಯೇ ನೀರಿನಲ್ಲಿ ಕೂರಿಸುತ್ತೇವೆ.

ಕಳೆದ ಮೇ ತಿಂಗಳಿನಲ್ಲಿ ಒಂದು ರಾತ್ರಿ ಹತ್ತಕ್ಕೆ ಹೋದ ಕರೆಂಟು ಬೆಳಗಿನ ಜಾವ ಐದಕ್ಕೆ ಬಂತು. ಬಾಗಿಲು ತೆಗೆಯದಿದ್ದರೆ ಫ್ರಿಜ್ಜು ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ, ನಾವೋ ಸೆಕೆಗೆ ತಾಳಲಾರದೆ ನೀರಿನ ಬಾಟಲಿಗೆಂದು ಹತ್ತು ಸಲ ತೆಗೆದಿದ್ದೆವು. ಬೆಳಿಗ್ಗೆ ಡಬ್ಬಿ ಮುಟ್ಟಿದರೆ ಬೆಚ್ಚಗಿತ್ತು. ತುಂಡುಗಳಲ್ಲಿ ಯಾವ ಕೆಟ್ಟ ವಾಸನೆಯೂ ಇರಲಿಲ್ಲ, ಆದರೂ ಎಲ್ಲವನ್ನೂ ಚೆಲ್ಲಿದೆ. ಬರಗಾಲ ಕಂಡು ಬೆಳೆದ ಅತ್ತೆಗೆ ಅಂದು ಬಹಳ ನೋವಾಯಿತು, ನನಗೂ ಆಯಿತು. ಅಂದಿನಿಂದ ಬೇಸಗೆಯಲ್ಲಿ ಒಂದೂವರೆ ಕಿಲೋ ಮಾತ್ರ ತರುತ್ತೇವೆ.

ಸರಿಯಾಗಿ ಎತ್ತಿಟ್ಟ ಚಿಕನ್ನಿಗೂ ಮರುದಿನ ಬರುವ ಒಂದು ಕಮಟು ವಾಸನೆ ಇದೆ, ಅದು ಹಳಸಿದ್ದಲ್ಲ. ಬೆಂದಾಗ ಮಾಂಸದಲ್ಲಿನ ಕಬ್ಬಿಣದ ಅಂಶ ಬಿಡಿಯಾಗಿ, ಗಾಳಿ ಸೇರಿ, ಕೊಬ್ಬನ್ನು ಕೆಡಿಸಲು ತೊಡಗುತ್ತದೆ, ಕೋಳಿಯ ಕೊಬ್ಬು ಇದಕ್ಕೆ ಬೇಗ ಸಿಗುವಂಥದ್ದು. ಆಹಾರ ವಿಜ್ಞಾನಿಗಳು 1958ರಷ್ಟು ಹಿಂದೆಯೇ ಇದನ್ನು ಗುರುತಿಸಿ ಹೆಸರಿಟ್ಟಿದ್ದಾರೆ. ಗಾಳಿ ತಾಗದಂತೆ ಡಬ್ಬಿಯನ್ನು ಬಿಗಿಯಾಗಿ ಮುಚ್ಚುವುದು, ಎರಡು ದಿನ ಕಾಯದೆ ಮರುದಿನವೇ ತಿಂದು ಮುಗಿಸುವುದು, ಇವೆರಡೇ ನನಗೆ ಫಲ ಕೊಟ್ಟ ಉಪಾಯಗಳು. ಲವಂಗ ಹೆಚ್ಚಾಗಿ ಬಿದ್ದ ಮಸಾಲೆಯ ತುಂಡುಗಳಲ್ಲಿ ಈ ವಾಸನೆ ಕಡಿಮೆ ಎಂಬುದನ್ನೂ ಗಮನಿಸಿದ್ದೇನೆ.

ಬಿಸಿಯಾಯಿತೋ ಇಲ್ಲವೋ ಎಂದು ನೋಡಲು ಒಂದು ಸೂಜಿ ಥರ್ಮಾಮೀಟರ್ ಕೊಂಡಿದ್ದೇನೆ, ಏರ್ ಫ್ರೈಯರ್ ಕೊಂಡವರೆಲ್ಲ ಇದನ್ನೂ ಕೊಳ್ಳಬೇಕೆಂಬುದು ನನ್ನ ಒತ್ತಾಯ. ತೊಡೆಯ ದಪ್ಪ ಭಾಗಕ್ಕೆ, ಎಲುಬಿಗೆ ತಾಗದಂತೆ ಚುಚ್ಚಿ ಹಿಡಿದರೆ ಅಂಕಿ ಮೊದಲು 48 ಎಂದು ನಿಂತು, 55, 57 ಎಂದು ಏರುತ್ತದೆ. ಐದನೆಯ ನಿಮಿಷಕ್ಕೆ ಹೊರಗೆ ಚುರುಗುಟ್ಟುತ್ತ ಎಣ್ಣೆ ಬಿಡುತ್ತಿದ್ದ ತುಂಡೂ ಒಳಗೆ 57ರಲ್ಲೇ ಇದ್ದುದನ್ನು ಕಣ್ಣಾರೆ ಕಂಡ ಮೇಲೆ, ಮೇಲಿನ ಬಣ್ಣ ನೋಡಿ ನಿರ್ಧರಿಸುವುದನ್ನು ಬಿಟ್ಟೆ. ಒಳಗೆ 74 ಡಿಗ್ರಿ ತೋರಿಸಬೇಕು, ಅಲ್ಲಿಯವರೆಗೆ ಬುಟ್ಟಿ ಮತ್ತೆ ಒಳಗೆ. ಒಂದು ಸಲ ಹೀಗೆ ಬಿಸಿ ಮಾಡಿದ್ದನ್ನು ಮತ್ತೆ ಫ್ರಿಜ್ಜಿಗೆ ಸೇರಿಸುವುದಿಲ್ಲ, ಆದ್ದರಿಂದ ತಿನ್ನುವಷ್ಟನ್ನೇ ಹೊರಗೆ ತೆಗೆಯುತ್ತೇನೆ.

ಕರೆಂಟಿನ ಬಗ್ಗೆ ಕೇಳುವವರಿದ್ದಾರೆ. ನಮ್ಮದು 1,500 ವ್ಯಾಟಿನ ಯಂತ್ರ, ಎಂಟು ನಿಮಿಷಕ್ಕೆ ಹೆಚ್ಚೆಂದರೆ 0.2 ಯೂನಿಟ್ ಎಳೆಯುತ್ತದೆ. 230 ವೋಲ್ಟಿನಲ್ಲಿ ಅದು ಆರೂವರೆ ಆಂಪಿಯರ್ ಆಗುವುದರಿಂದ ಸಣ್ಣ 6 ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸಬಾರದು, ದೊಡ್ಡ 16 ಆಂಪಿಯರ್ ಸಾಕೆಟ್ಟೇ ಬೇಕು. ಮನೆಯ ಸಾಮಾನ್ಯ ಇನ್ವರ್ಟರ್ ಇದನ್ನು ಹೊರುವುದಿಲ್ಲ. ಬೇಸಗೆಯ ಸಂಜೆ ವೋಲ್ಟೇಜು 200ಕ್ಕೆ ಇಳಿದರೆ ಕಾಯಿಲಿನ ಶಕ್ತಿ ಸುಮಾರು ಕಾಲು ಭಾಗ ಕುಗ್ಗುತ್ತದೆ, ಆಗ ಬೆಳಗಿನ ಎಂಟು ನಿಮಿಷ ಸಂಜೆಗೆ ಸಾಲುವುದಿಲ್ಲ. ಥರ್ಮಾಮೀಟರ್ ಬೇಕೆನ್ನಲು ಇದೂ ಒಂದು ಕಾರಣ. ಬುಟ್ಟಿಯಲ್ಲಿ ಹಾಸುವ ಕಾಗದವನ್ನು ಬರಿದೆ ಇಟ್ಟು ಯಂತ್ರ ಕಾಯಿಸಿದರೆ ಅದು ಹಾರಿ ಕಾಯಿಲಿಗೆ ತಾಗಿ ಹೊತ್ತಿಕೊಳ್ಳಬಹುದು. ಅದರ ಮೇಲೆ ತುಂಡುಗಳ ಭಾರ ಇರಲೇಬೇಕು.

ಬಿರಿಯಾನಿಗೆ ಏರ್ ಫ್ರೈಯರ್ ಹೊಂದುವುದಿಲ್ಲ, ಅನ್ನ ಒಣಗಿ ಗಟ್ಟಿಯಾಗುತ್ತದೆ. ಸಾರಿನ ಚಿಕನ್ನೂ ಹೊಂದುವುದಿಲ್ಲ ಎಂದೇ ಬಹಳ ದಿನ ತಿಳಿದಿದ್ದೆ. ಈಗ ಸಾರಿನಿಂದ ತುಂಡುಗಳನ್ನು ಎತ್ತಿ, ಜರಡಿಯಲ್ಲಿ ಸೋರಿಸಿ, 180 ಡಿಗ್ರಿಯಲ್ಲಿ ಆರೇಳು ನಿಮಿಷ ಬಿಟ್ಟು, ಅದೇ ಹೊತ್ತಿನಲ್ಲಿ ಸಾರನ್ನು ಒಲೆಯ ಮೇಲೆ ಚೆನ್ನಾಗಿ ಕುದಿಸಿ ಅರ್ಧಕ್ಕೆ ಇಳಿಸುತ್ತೇನೆ. ಹಿಂದಿನ ದಿನ ಮೆತ್ತಗೆ ಬೆಂದ ತುಂಡಿನ ಅಂಚು ಗಾಳಿಯಲ್ಲಿ ಕೆಂಪಾಗಿ, ಅದಕ್ಕಂಟಿದ ಕೊಬ್ಬರಿ, ಗಸಗಸೆಯ ಮಸಾಲೆ ಹುರಿದ ವಾಸನೆ ಬಿಡುತ್ತದೆ. ಆ ತುಂಡುಗಳನ್ನು ತಟ್ಟೆಯಲ್ಲಿಟ್ಟು, ಗಟ್ಟಿಯಾದ ಸಾರನ್ನು ಮೇಲೆ ಸುರಿದು, ಜೊತೆಗೆ ಕಟಕು ರೊಟ್ಟಿ ಮುರಿದು ಹಾಕಿಕೊಂಡು ಉಂಡರೆ, ಭಾನುವಾರದ ಊಟಕ್ಕಿಂತ ಸೋಮವಾರದ್ದೇ ನಮ್ಮ ಮನೆಯಲ್ಲಿ ಎಲ್ಲರಿಗೂ ಇಷ್ಟ.