ದೂರದರ್ಶನದ ಮೋಗ್ಲಿ ಇರುವಾಗ ಆ ಹಳೇ ಇಂಗ್ಲಿಷ್ ಕಾರ್ಟೂನ್ ಯಾಕೆ?

"ಮಕ್ಕಳಿಗೆ ತೋರಿಸೋಕಾ?" ಅಂತ ಮೊದಲು ಕೇಳುತ್ತಾರೆ. ಅಲ್ಲ, ನನಗೇ ನೋಡೋಕೆ ಅಂದರೆ ಒಂಥರಾ ಮುಖ ಮಾಡುತ್ತಾರೆ. ಆಮೇಲೆ ಬರುತ್ತದೆ ಅಸಲು ಪ್ರಶ್ನೆ: "ಜಂಗಲ್ ಬುಕ್ ಅಂದ್ರೆ ದೂರದರ್ಶನದ್ದು. ಅದು ಬಿಟ್ಟು 1967ರ ಡಿಸ್ನಿ ಸಿನಿಮಾನ ಎಷ್ಟು ಸಲ ಹಾಕ್ಕೊಂಡು ಕೂರ್ತೀಯ?"

ದನಿಗಳಿಗೋಸ್ಕರ, ಅಷ್ಟೇ. ಒಂದೆರಡು ಸಲ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಾ, ಟಿವಿ ಕಡೆ ತಿರುಗದೇ ಆ 78 ನಿಮಿಷದ ಸಿನಿಮಾ ಪೂರ್ತಿ "ನೋಡಿದ್ದೇನೆ".

ದೂರದರ್ಶನದ ಮೋಗ್ಲಿ ಮೇಲೆ ನನಗೇನೂ ಸಿಟ್ಟಿಲ್ಲ. ಅದು ಜಪಾನಿನವರು ಮಾಡಿದ ಧಾರಾವಾಹಿ, 90ರ ದಶಕದಲ್ಲಿ ಹಿಂದಿ ಮಾತಾಡಿಕೊಂಡು ನಮ್ಮ ಮನೆಗೆ ಬಂತು. ಗುಲ್ಜಾರ್ ಬರೆದ ಚಡ್ಡಿ ಹಾಡು ಯಾರಿಗೆ ಮರೆತಿದೆ? ಹುಲಿ ಶೇರ್ ಖಾನ್‌ಗೆ ನಾನಾ ಪಾಟೇಕರ್ ದನಿ. ಹಿಂದಿ ಅರ್ಧಂಬರ್ಧ ಬರುತ್ತಿದ್ದ ನಮಗೂ ಹೆದರಿಕೆ ಪೂರ್ತಿಯಾಗಿಯೇ ಆಗುತ್ತಿತ್ತು. ವಜ್ರಮುನಿಯನ್ನು ಕೇಳಿ ಬೆಳೆದವರಿಗೆ ಖಳ ಅಂದರೆ ಗದರಲೇಬೇಕು, ಅಲ್ವಾ?

ಡಿಸ್ನಿಯ ಶೇರ್ ಖಾನ್ ಗದರುವುದೇ ಕಡಿಮೆ. ದನಿ ಕೊಟ್ಟವನು ಜಾರ್ಜ್ ಸ್ಯಾಂಡರ್ಸ್, 'ಆಲ್ ಅಬೌಟ್ ಈವ್' ಸಿನಿಮಾಕ್ಕೆ ಆಸ್ಕರ್ ಪಡೆದ ನಟ. ಒಂದು ದೃಶ್ಯ ಹೇಳುತ್ತೇನೆ. ಹೆಬ್ಬಾವು ಕಾ ಮರದ ಮೇಲೆ ಮೋಗ್ಲಿಯನ್ನು ಸುತ್ತಿಕೊಂಡು ಮಲಗಿಸಿದೆ. ಕೆಳಗೆ ಬಂದ ಹುಲಿ, ಮನೆ ಬಾಗಿಲ ಗಂಟೆ ಎಳೆದ ಹಾಗೆ ಅದರ ಬಾಲ ಹಿಡಿದು ಎಳೆಯುತ್ತಾನೆ. ಕಾ ತಲೆ ಇಳಿಬಿಟ್ಟುಕೊಂಡು ಬರುತ್ತದೆ. ಮೇಲೆ ಯಾರಿಗೋ ಹಾಡುತ್ತಿದ್ದೆಯಲ್ಲ, ಯಾರದು? ನನಗೇ ಹಾಡಿಕೊಳ್ಳುತ್ತಿದ್ದೆ, ಸೈನಸ್ ತೊಂದರೆ, ನಿದ್ದೆ ಬರೋದಿಲ್ಲ ಅಂತ ಕಾ ಸಬೂಬು ಹೇಳುತ್ತದೆ. ಅಯ್ಯೋ ಪಾಪ ಅನ್ನುತ್ತಾನೆ ಹುಲಿ. ದನಿ ಒಂದಿಷ್ಟೂ ಏರುವುದಿಲ್ಲ. ರಜೆ ಚೀಟಿ ಹಿಡಿದು ನಿಂತವನನ್ನು ಮೇಲಧಿಕಾರಿ ವಿಚಾರಿಸಿಕೊಂಡ ಹಾಗೆ. ಪಂಜ ಮಾತ್ರ ಕಾ ಕುತ್ತಿಗೆಯ ಮೇಲಿರುತ್ತದೆ.

ಇಲ್ಲಿ ದನಿ ಮೊದಲು, ಚಿತ್ರ ಆಮೇಲೆ. ರೆಕಾರ್ಡ್ ಮಾಡಿದ್ದನ್ನು ಕೇಳಿ ಕೇಳಿ ಕಲಾವಿದರು ಬರೆಯುತ್ತಿದ್ದರು. ಮಿಲ್ಟ್ ಕಾಲ್ ಬರೆದ ಆ ಹುಲಿಯ ಮುಖದಲ್ಲಿ ಸ್ಯಾಂಡರ್ಸ್ ಮುಖವೇ ಕಾಣುತ್ತದೆ. (ರಣಹದ್ದುಗಳ ಹಾಡಿನ ಕೊನೆಗೆ ಹುಲಿ ದನಿಗೂಡಿಸುತ್ತಾನಲ್ಲ, ಆ ತುಣುಕು ಮಾತ್ರ ಬಿಲ್ ಲೀ ಎಂಬ ಗಾಯಕನದು.)

ಕಾ ದನಿ ಸ್ಟರ್ಲಿಂಗ್ ಹಾಲೋವೇ. ಡಿಸ್ನಿಯ ವಿನ್ನಿ ದ ಪೂ ಕರಡಿಯ ದನಿಯೂ ಇವನೇ! ಮೋಗ್ಲಿಗೆ ದನಿ ಕೊಟ್ಟ ಹುಡುಗ ಬ್ರೂಸ್ ರೈದರ್‌ಮನ್, ನಿರ್ದೇಶಕರ ಮಗ. 1966ರ ಪೂ ಕಿರುಚಿತ್ರದಲ್ಲಿ ಪೂ ಗೆಳೆಯ ಕ್ರಿಸ್ಟೋಫರ್ ರಾಬಿನ್‌ಗೂ ಅವನದೇ ದನಿ. ಮುದ್ದಾಡಿದ ದನಿಯೇ ಇಲ್ಲಿ ನುಂಗಲು ಬರುತ್ತದೆ. ಗೊತ್ತಾದ ಮೇಲೆ ಆ ದೃಶ್ಯ ನನಗೆ ಮೊದಲಿನ ಹಾಗೆ ಕೇಳಿಸಿಲ್ಲ.

ಇನ್ನು ಕರಡಿ ಬಾಲೂ. ದನಿ ಕೊಟ್ಟ ಫಿಲ್ ಹ್ಯಾರಿಸ್ ರೇಡಿಯೋ ಹಾಸ್ಯದವನು, ಬ್ಯಾಂಡ್ ಕಟ್ಟಿಕೊಂಡಿದ್ದವನು. ಬರೆದುಕೊಟ್ಟ ಮಾತು ಸಪ್ಪೆ ಅನ್ನಿಸಿ ತನ್ನದೇ ಧಾಟಿಯಲ್ಲಿ ಹರಟಿದ. ಚಿಕ್ಕದಿದ್ದ ಪಾತ್ರ ಇಡೀ ಸಿನಿಮಾವನ್ನೇ ಹೊತ್ತುಕೊಂಡಿತು.

ತಪ್ಪುಗಳಿಲ್ವಾ? ಇವೆ. ಮಧ್ಯಪ್ರದೇಶದ ಕಾಡಿನಲ್ಲಿ ಒರಾಂಗುಟಾನ್ ಎಲ್ಲಿಂದ ಬಂತು? ಮೂಲ ಪುಸ್ತಕ ಬರೆದ ಕಿಪ್ಲಿಂಗ್ ಕಥೆಯಲ್ಲೂ ಅದಿಲ್ಲ. ಮನುಷ್ಯನಾಗಬೇಕು ಅಂತ ಜಾಜ್ ಹಾಡುವ ಆ ಕೋತಿರಾಜನಲ್ಲಿ ಕಪ್ಪು ಜನರ ಅಣಕ ಇದೆ ಎಂಬ ಟೀಕೆಯನ್ನೂ ಸುಮ್ನೆ ತಳ್ಳಿಹಾಕೋಕಾಗಲ್ಲ. ಕೊನೆಯಲ್ಲಿ ಕೊಡ ಹೊತ್ತ ಹುಡುಗಿ, ಅಪ್ಪ ಬೇಟೆಗೆ, ಅಮ್ಮ ಅಡುಗೆಗೆ ಅಂತ ಹಾಡುವಾಗ ನಾನು ಎದ್ದು ಕಾಫಿಗೆ ಹಾಲಿಡುತ್ತೇನೆ.

ಅದಕ್ಕೆ ಸ್ವಲ್ಪ ಮುಂಚಿನದನ್ನು ಮಾತ್ರ ತಪ್ಪಿಸುವುದಿಲ್ಲ. ಹುಲಿಯ ಜೊತೆ ಕಾದಾಡಿ ಬಾಲೂ ಬಿದ್ದಿದ್ದಾನೆ. ಸತ್ತೇಹೋದ ಅಂದುಕೊಂಡು ಕರಿಚಿರತೆ ಬಘೀರ ಅವನ ಗುಣಗಾನ ಶುರುಮಾಡುತ್ತಾನೆ. ಸೆಬಾಸ್ಟಿಯನ್ ಕ್ಯಾಬಟ್‌ನ ಗಂಭೀರ ದನಿ, ಮೇಷ್ಟ್ರು ಸಂತಾಪ ಸಭೆಯಲ್ಲಿ ನಿಂತ ಹಾಗೆ. ಹಿಂದೆ ಬಾಲೂಗೆ ಎಚ್ಚರವಾಗಿದೆ. ಕಣ್ಣು ಬಿಟ್ಟು, ಮೂಗು ಸೊರಗುಟ್ಟಿಸುತ್ತಾ ತನ್ನ ಹೊಗಳಿಕೆ ತಾನೇ ಕೇಳುತ್ತಿದ್ದಾನೆ. ಬಘೀರ ಮುಗಿಸಿ ಹೊರಟಾಗ ಕರೆಯುತ್ತಾನೆ: ನಿಲ್ಲಿಸಬೇಡ, ಇನ್ನೂ ಸ್ವಲ್ಪ ಹೇಳು.