ಕೊಡಲು ಸಿದ್ಧರಿದ್ದರೂ ದಾಟಿ ಬಾರದ ಹಣ

ದಾಸ್ತಾನಿನ ಲೆಕ್ಕ ಇಡುವ ಒಂದು ಸಣ್ಣ ತಂತ್ರಾಂಶವನ್ನು ನಾನು ಕೆಲವು ವರ್ಷಗಳಿಂದ ಅಂತರಜಾಲದ ಮೂಲಕ ಮಾರುತ್ತಿದ್ದೇನೆ. ಮೊದಮೊದಲು ಯಾರದಾದರೂ ಕಾರ್ಡ್ ಪಾವತಿ ವಿಫಲವಾದರೆ, ಅವರ ಖಾತೆಯಲ್ಲಿ ಹಣವಿಲ್ಲವೆಂದು ನಾನೇ ತೀರ್ಮಾನಿಸಿ, ಸಿದ್ಧಪಡಿಸಿಟ್ಟ ಒಂದು ಮಿಂಚಂಚೆಯನ್ನು ಕಳಿಸಿ ಸುಮ್ಮನಾಗುತ್ತಿದ್ದೆ. ಒಂದು ದಿನ ನೈಜೀರಿಯಾದ ಲಾಗೋಸ್‌ನ ಗ್ರಾಹಕರೊಬ್ಬರು ಹನ್ನೊಂದು ನಿಮಿಷಗಳೊಳಗೆ ಮೂರು ಬೇರೆ ಬೇರೆ ಕಾರ್ಡ್‌ಗಳಿಂದ ಐದು ಸಲ ಪ್ರಯತ್ನಿಸಿದ್ದು, ಕಾರ್ಡ್ ಪಾವತಿಯನ್ನು ಬ್ಯಾಂಕಿಗೆ ತಲುಪಿಸುವ ಸೇವೆಯಾದ ಗೇಟ್‌ವೇಯ ದಾಖಲೆಯಲ್ಲಿ ಕಣ್ಣಿಗೆ ಬಿತ್ತು. ಹಣವಿಲ್ಲದವರು ಇಷ್ಟು ಹಟ ಹಿಡಿಯುವುದಿಲ್ಲ ಎನ್ನಿಸಿ, ಆ ಐದೂ ಸಾಲುಗಳನ್ನು ಬಿಡಿಸಿ ನೋಡಿದೆ.

ಕಾರ್ಡನ್ನು ನಿರಾಕರಿಸುವ ಬ್ಯಾಂಕು ಅದರೊಂದಿಗೆ ಒಂದು ಸಂಖ್ಯೆಯನ್ನೂ ಕಳಿಸುತ್ತದೆ. 51 ಎಂದರೆ ಖಾತೆಯಲ್ಲಿ ಹಣ ಸಾಲದು. 05 ಎಂದರೆ ಒಪ್ಪಿಕೊಳ್ಳಬೇಡಿ ಎಂದಷ್ಟೇ. ಕಾರಣ ಹೇಳುವ ಸೌಜನ್ಯ ಅದಕ್ಕಿಲ್ಲ. 57 ಎಂದರೆ ಈ ಕಾರ್ಡುದಾರರಿಗೆ ಈ ಬಗೆಯ ವಹಿವಾಟಿಗೆ ಅನುಮತಿ ಇಲ್ಲ. ಆ ಐದು ಪ್ರಯತ್ನಗಳಲ್ಲಿ ಮೂರಕ್ಕೆ 57, ಎರಡಕ್ಕೆ 05 ಬಂದಿತ್ತು. 51 ಒಂದೂ ಇರಲಿಲ್ಲ. ಅವರಿಗೆ ಪತ್ರ ಬರೆದು ಕೇಳಿದಾಗ, ತಮ್ಮ ಖಾತೆಯಲ್ಲಿ ತಮ್ಮ ದೇಶದ ಹಣವಾದ ನೈರಾ ಬೇಕಾದಷ್ಟಿದೆಯೆಂದೂ, ಬ್ಯಾಂಕು ಅದನ್ನು ಡಾಲರ್ ಆಗಿ ಹೊರಗೆ ಬಿಡುತ್ತಿಲ್ಲವೆಂದೂ ಉತ್ತರಿಸಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡನು ಎಂಬಂತಾಗಿತ್ತು ಅವರ ಸ್ಥಿತಿ.

ಇದು ಅವರೊಬ್ಬರ ಬ್ಯಾಂಕಿನ ವಿಚಿತ್ರವಲ್ಲ. ನೈಜೀರಿಯಾದ ಹಲವು ಬ್ಯಾಂಕುಗಳು 2022ರಲ್ಲಿ ನೈರಾ ಕಾರ್ಡ್‌ಗಳ ವಿದೇಶಿ ಖರ್ಚಿನ ಮಿತಿಯನ್ನು ತಿಂಗಳಿಗೆ 20 ಡಾಲರ್‌ಗೆ ಇಳಿಸಿದ್ದವು; ಅದೇ ವರ್ಷ ಕೆಲವು ಬ್ಯಾಂಕುಗಳು ಆ ಸೌಲಭ್ಯವನ್ನೇ ನಿಲ್ಲಿಸಿದವು. 2023ರ ಅಕ್ಟೋಬರ್‌ನಲ್ಲಿ ಈಜಿಪ್ಟಿನ ಬ್ಯಾಂಕುಗಳೂ ಸ್ಥಳೀಯ ಪೌಂಡ್ ಖಾತೆಯ ಡೆಬಿಟ್ ಕಾರ್ಡ್‌ಗಳನ್ನು ವಿದೇಶಿ ಕರೆನ್ಸಿಯಲ್ಲಿ ಬಳಸದಂತೆ ತಡೆದವು. ಎರಡೂ ಕಡೆ ಕಾರಣ ಒಂದೇ: ದೇಶದಲ್ಲಿ ಡಾಲರ್ ಕೊರತೆ. ಇಂಥಲ್ಲಿ ಗೇಟ್‌ವೇ ಬದಲಿಸಿ ಪ್ರಯೋಜನವಿಲ್ಲ, ಏಕೆಂದರೆ ತಡೆ ಇರುವುದು ನಮ್ಮ ತುದಿಯಲ್ಲಲ್ಲ. ಅಂತರಜಾಲದ ಪಾವತಿ ಸೇವೆಯಾದ ಪೇಪಾಲ್ ಎಲ್ಲೆಡೆಯೂ ಇದೆಯಲ್ಲ ಎಂಬ ಸಲಹೆ ನನಗೂ ಬಂದಿತ್ತು. ಎಲ್ಲೆಡೆ ಇಲ್ಲ, ಟರ್ಕಿಯಲ್ಲಿ ಪರವಾನಗಿ ಸಿಗದೆ ಅದು 2016ರಲ್ಲೇ ಸೇವೆ ನಿಲ್ಲಿಸಿತು.

ನಾನು ಮೊದಲು ಹಿಡಿದ ದಾರಿ ಬ್ಯಾಂಕಿನಿಂದ ಬ್ಯಾಂಕಿಗೆ ನೇರ ವರ್ಗಾವಣೆ. ಇನ್‌ವಾಯ್ಸ್ ಕಳಿಸಿದೆ, ನನ್ನ ಬ್ಯಾಂಕನ್ನು ಗುರುತಿಸುವ ಸ್ವಿಫ್ಟ್ ಸಂಕೇತ ಕೊಟ್ಟೆ, ಗ್ರಾಹಕರೊಬ್ಬರು 90 ಡಾಲರ್ ಕಳಿಸಿದರು, ನನ್ನ ಖಾತೆಗೆ 58 ಜಮೆಯಾಯಿತು. ಸ್ವಿಫ್ಟ್ ಎಂಬುದು ಹಣ ಸಾಗಿಸುವ ವ್ಯವಸ್ಥೆಯಲ್ಲ. 1973ರಲ್ಲಿ ಬೆಲ್ಜಿಯಂನಲ್ಲಿ ಸ್ಥಾಪನೆಯಾದ ಅದು ಬ್ಯಾಂಕುಗಳ ನಡುವೆ ಸಂದೇಶ ಸಾಗಿಸುತ್ತದೆ, ಅಷ್ಟೆ. ಎರಡು ಬ್ಯಾಂಕುಗಳು ಪರಸ್ಪರ ಖಾತೆ ಇಟ್ಟುಕೊಂಡಿಲ್ಲದಿದ್ದರೆ ಹಣವು ಮಧ್ಯವರ್ತಿ ಬ್ಯಾಂಕುಗಳ ಪುಸ್ತಕಗಳನ್ನು ಹಾದು ಬರಬೇಕು, ಮತ್ತು ಹಾದುಹೋದ ಪ್ರತಿಯೊಂದೂ ತನ್ನ ಪಾಲನ್ನು ಮುರಿದುಕೊಳ್ಳಬಹುದು. ನಮ್ಮ ಪ್ರಕರಣದಲ್ಲಿ ಮಧ್ಯವರ್ತಿ 20, ನನ್ನ ಬ್ಯಾಂಕು 12 ಡಾಲರ್ ಹಿಡಿದುಕೊಂಡಿದ್ದವು. ಗ್ರಾಹಕರು ಶುಲ್ಕದ ಅಂಕಣದಲ್ಲಿ ಎಸ್‌ಎಚ್‌ಎ, ಅಂದರೆ ಇಬ್ಬರೂ ಹಂಚಿಕೊಳ್ಳುವುದು, ಎಂದು ಗುರುತು ಹಾಕಿದ್ದರು. ಓಯುಆರ್ ಎಂದು ಹಾಕಿದ್ದರೆ ವೆಚ್ಚವೆಲ್ಲ ಅವರ ತಲೆಗೆ ಬರುತ್ತಿತ್ತು. ಕಡಿಮೆ ಮೊತ್ತಕ್ಕೆ ಈ ದಾರಿ ಹೊಂದುವುದಿಲ್ಲವೆಂದು ಅಂದೇ ಬರೆದಿಟ್ಟುಕೊಂಡೆ. ಕಡಿಮೆ ಬಿದ್ದ ಆ 32 ಡಾಲರನ್ನು ಗ್ರಾಹಕರಲ್ಲಿ ಕೇಳಲು ಮನಸ್ಸಾಗಲಿಲ್ಲ.

ಅನಂತರ ಮೊಬೈಲ್ ಹಣದತ್ತ ತಿರುಗಿದೆ. ನನ್ನ ತಿಳಿವಳಿಕೆಯ ದೊಡ್ಡ ದೋಷ ಬಯಲಾದದ್ದು ಇಲ್ಲೇ. ಕೆನ್ಯಾದಲ್ಲಿ ಎಂ-ಪೆಸಾ 2007ರಲ್ಲಿ, ಬಾಂಗ್ಲಾದೇಶದಲ್ಲಿ ಬಿಕಾಶ್ 2011ರಲ್ಲಿ ಆರಂಭವಾದವು. ಅಲ್ಲಿನ ಬಹಳಷ್ಟು ಜನರಿಗೆ ಹಣ ಎಂದರೆ ಫೋನ್ ಸಂಖ್ಯೆಗೆ ಜೋಡಿಸಿದ ಶಿಲ್ಕು, ಪ್ಲಾಸ್ಟಿಕ್ ಕಾರ್ಡ್ ಅಲ್ಲ. ಎಂ-ಪೆಸಾದಲ್ಲಿ ಅಂಗಡಿಯವರು ಕೋರಿಕೆ ಕಳಿಸಿದಾಗ ಗ್ರಾಹಕರ ಫೋನಿನ ಪರದೆಯ ಮೇಲೆ ಮೊತ್ತವೂ ಪಡೆಯುವವರ ಹೆಸರೂ ಮೂಡುತ್ತವೆ; ಅವರು ಪಿನ್ ಒತ್ತಿದರೆ ಮಾತ್ರ ಹಣ ಹೊರಡುತ್ತದೆ. ಸಿಮ್‌ನಲ್ಲೇ ಅಡಗಿರುವ ಆಯ್ಕೆಗಳ ಪಟ್ಟಿಯಿಂದ ಇದು ನಡೆಯುವುದರಿಂದ ಸ್ಮಾರ್ಟ್‌ಫೋನ್ ಕೂಡ ಬೇಕಿಲ್ಲ. ಕಾರ್ಡ್ ಹೀಗಲ್ಲ, ಒಮ್ಮೆ ಒಪ್ಪಿಗೆ ಕೊಟ್ಟರೆ ಮಾರುವವನೇ ತಿಂಗಳು ತಿಂಗಳೂ ಹಣವನ್ನು ಎಳೆದುಕೊಳ್ಳಬಹುದು. ನನ್ನ ತಿಂಗಳ ಚಂದಾ ಪದ್ಧತಿ ನಿಂತಿದ್ದದ್ದೇ ಆ ಎಳೆದುಕೊಳ್ಳುವಿಕೆಯ ಮೇಲೆ. ಗ್ರಾಹಕರು ತಾವೇ ತಳ್ಳಬೇಕಾದ ಹಣವಾದರೆ, ಪ್ರತಿ ತಿಂಗಳೂ ಅವರು ನೆನಪಿಟ್ಟುಕೊಂಡು, ಶಿಲ್ಕು ನೋಡಿಕೊಂಡು, ಸಿಗ್ನಲ್ ಇರುವಲ್ಲಿ ಕೂತು ಪಿನ್ ಒತ್ತಬೇಕು. ವರ್ಷಕ್ಕೆ ಹನ್ನೆರಡು ಸಲ ಅಷ್ಟು ಶ್ರಮ ಪಡುವಷ್ಟು ದೊಡ್ಡ ವಸ್ತು ನನ್ನ ತಂತ್ರಾಂಶವಲ್ಲ.

ಆದ್ದರಿಂದ ನಾನು ಬದಲಿಸಿದ್ದು ಪಾವತಿಯ ದಾರಿಗಿಂತ ಮೊದಲು ಬೆಲೆಯ ರೂಪವನ್ನು. ತಿಂಗಳಿಗೆ 8 ಡಾಲರ್ ಎಂದಿದ್ದುದರ ಜೊತೆಗೆ, ವರ್ಷಕ್ಕೊಮ್ಮೆ ಮುಂಗಡವಾಗಿ 80 ಡಾಲರ್ ಎಂಬ ಆಯ್ಕೆಯನ್ನು ಇಟ್ಟೆ. ಅದು ತಾನಾಗಿ ನವೀಕರಣವಾಗುವುದಿಲ್ಲ, ಅವಧಿ ಮುಗಿಯುವ ಮೂರು ವಾರ ಮೊದಲು ನೆನಪೋಲೆ ಹೋಗುತ್ತದೆ. ತೆರಿಗೆಯನ್ನೂ ತಾನೇ ನೋಡಿಕೊಂಡು ನಮ್ಮ ಪರವಾಗಿ ಮಾರುವ ಪ್ಯಾಡಲ್‌ನಂಥ ಸಂಸ್ಥೆ ಪ್ರಕಟಿಸಿರುವ ದರ ಪ್ರತಿ ವಹಿವಾಟಿಗೆ ಶೇ 5 ಮತ್ತು 50 ಸೆಂಟ್. 8 ಡಾಲರ್ ಮೇಲೆ ಅದು 90 ಸೆಂಟ್, ಅಂದರೆ ಶೇ 11ಕ್ಕೂ ಹೆಚ್ಚು. 80 ಡಾಲರ್ ಮೇಲೆ ನಾಲ್ಕೂವರೆ ಡಾಲರ್, ಶೇ 6ಕ್ಕಿಂತ ಕಡಿಮೆ. ನಾನು ಕೊಟ್ಟ ರಿಯಾಯಿತಿಯ ಒಂದು ಪಾಲು ಈ ಉಳಿತಾಯದಲ್ಲೇ ತುಂಬಿಬರುತ್ತದೆ. ತಿಂಗಳ ಮಿತಿ 20 ಡಾಲರ್ ಇರುವವರಿಗೆ 80 ಡಾಲರ್ ಒಮ್ಮೆಲೇ ದಾಟದು ಎಂಬ ತೊಡಕು ನಿಜ. ಅಂಥವರಿಗೆ ಸ್ಥಳೀಯ ಹಣದಲ್ಲೇ ಪಡೆಯುವ ವ್ಯವಸ್ಥೆಯೊಂದೇ ದಾರಿ.

ಅಂಥ ಸ್ಥಳೀಯ ಗೇಟ್‌ವೇಗಳಿಗೇನೂ ಬರವಿಲ್ಲ. ನೈಜೀರಿಯಾದಲ್ಲಿ ಬೆಳೆದ ಪೇಸ್ಟ್ಯಾಕನ್ನು 2020ರಲ್ಲಿ ದೊಡ್ಡ ಪಾವತಿ ಸಂಸ್ಥೆಯಾದ ಸ್ಟ್ರೈಪ್ ಕೊಂಡುಕೊಂಡದ್ದೇ ಅವುಗಳ ತೂಕವನ್ನು ತೋರಿಸುತ್ತದೆ. ಆದರೆ ಇಂಥವುಗಳಲ್ಲಿ ಹಲವು ಆಯಾ ದೇಶದಲ್ಲಿ ನೋಂದಾಯಿಸಿದ ಉದ್ದಿಮೆಗಳಿಗೆ ಮಾತ್ರ ಖಾತೆ ಕೊಡುವುದರಿಂದ, ನಾನು ಅಲ್ಲಿನ ಮಾರಾಟಗಾರರೊಬ್ಬರೊಂದಿಗೆ ಒಪ್ಪಂದ ಮಾಡಿಕೊಂಡೆ. ಅವರು ನೈರಾದಲ್ಲಿ ಹಣ ಪಡೆದು ಗ್ರಾಹಕರಿಗೆ ತಂತ್ರಾಂಶ ಬಳಸಲು ಬೇಕಾದ ಪರವಾನಗಿ ಕೀ ಕೊಡುತ್ತಾರೆ, ತಮ್ಮ ಪಾಲು ಇಟ್ಟುಕೊಂಡು ಮೂರು ತಿಂಗಳಿಗೊಮ್ಮೆ ಒಟ್ಟು ಮೊತ್ತವನ್ನು ನನಗೆ ಕಳಿಸುತ್ತಾರೆ. ನಡುವೆ ವಿನಿಮಯ ದರ ಕುಸಿದರೆ ನಷ್ಟ ಯಾರದೆಂದು ಮೊದಲ ಕರಾರಿನಲ್ಲಿ ಬರೆದಿರಲಿಲ್ಲ. 2023ರ ಜೂನ್‌ನಲ್ಲಿ ನೈರಾವನ್ನು ಮಾರುಕಟ್ಟೆಗೆ ಬಿಟ್ಟುಕೊಟ್ಟು ಅದರ ಬೆಲೆ ಧಡಕ್ಕನೆ ಇಳಿದಾಗ ನಾವಿಬ್ಬರೂ ಅರ್ಧರ್ಧ ನುಂಗಿಕೊಂಡೆವು. ಎರಡನೆಯ ಕರಾರಿನಲ್ಲಿ ಆ ಸಾಲು ಸೇರಿತು.

ಕ್ರಿಪ್ಟೊದಲ್ಲಿ ಕೊಡುತ್ತೇವೆ ಎನ್ನುವವರೂ ಇದ್ದಾರೆ. ಕ್ರಿಪ್ಟೊ ಸಾಗುವ ಹಲವು ಜಾಲಗಳಲ್ಲಿ ತಪ್ಪಾದುದಕ್ಕೆ ಹಣ ಕಳಿಸಿಬಿಟ್ಟವರಿಗೆ ಉತ್ತರ ಹೇಳುವ ಶಕ್ತಿ ನನಗಿಲ್ಲವಾದ್ದರಿಂದ ಅದನ್ನು ಒಪ್ಪುತ್ತಿಲ್ಲ.

ಆರ್ಥಿಕ ನಿರ್ಬಂಧಕ್ಕೊಳಗಾದ ದೇಶಗಳ ವಿಷಯ ಬೇರೆ. 2022ರ ಮಾರ್ಚ್‌ನಲ್ಲಿ ವೀಸಾ ಮತ್ತು ಮಾಸ್ಟರ್‌ಕಾರ್ಡ್ ರಷ್ಯಾದಲ್ಲಿ ಕಾರ್ಯಾಚರಣೆ ನಿಲ್ಲಿಸಿದ ಬಳಿಕ, ಅಲ್ಲಿನ ಬ್ಯಾಂಕುಗಳು ಕೊಟ್ಟ ಆ ಕಾರ್ಡ್‌ಗಳು ದೇಶದ ಹೊರಗೆ ನಡೆಯದಾದವು. ಇನ್ನೊಂದು ದೇಶದಲ್ಲಿರುವ ಸ್ನೇಹಿತರ ಕಾರ್ಡಿನಿಂದ ಕಟ್ಟಲೇ ಎಂದು ಅಲ್ಲಿನ ಹಳೆಯ ಗ್ರಾಹಕರೊಬ್ಬರು ವಿನಯದಿಂದಲೇ ಕೇಳಿದ್ದರು. ಕೊಳ್ಳುವವರೊಬ್ಬರು, ಕಟ್ಟುವವರೊಬ್ಬರು ಆದಾಗ, ಮುಂದೆ ಕಾರ್ಡುದಾರರು ಈ ಖರೀದಿ ತಮ್ಮದಲ್ಲವೆಂದು ಬ್ಯಾಂಕಿನ ಮೂಲಕ ಹಣ ವಾಪಸು ಕೇಳುವ ಚಾರ್ಜ್‌ಬ್ಯಾಕ್ ಹೂಡಿದರೆ ನನ್ನ ಬಳಿ ತೋರಿಸಲು ದಾಖಲೆಯಿಲ್ಲ. ನಿರ್ಬಂಧದ ಕಾನೂನನ್ನು ತಪ್ಪಿಸಿದ ಆರೋಪ ಬಂದರೆ ಗೇಟ್‌ವೇ ಖಾತೆಯೇ ಮುಚ್ಚಿಹೋಗುತ್ತದೆ. ಆಗುವುದಿಲ್ಲ ಎಂದು ಬರೆದೆ. ಅವರು ತಮ್ಮ ದತ್ತಾಂಶವನ್ನು ಇಳಿಸಿಕೊಳ್ಳಲೆಂದು ಖಾತೆಯನ್ನು ಆರು ತಿಂಗಳು ತೆರೆದಿಟ್ಟೆ.

ಈಗ ಪಾವತಿ ವಿಫಲವಾದಾಗ ಹಳೆಯ ಮಿಂಚಂಚೆ ಹೋಗುವುದಿಲ್ಲ. ನೀವು ದಿನನಿತ್ಯ ಹಣ ಕಟ್ಟುವುದು ಹೇಗೆ ಎಂಬ ಒಂದೇ ಪ್ರಶ್ನೆ ಹೋಗುತ್ತದೆ. ಕಳೆದ ವಾರ ಇಥಿಯೋಪಿಯಾದ ಅಡಿಸ್ ಅಬಾಬಾದಿಂದ ಬಂದ ಉತ್ತರದಲ್ಲಿ ಇದ್ದುದು ಒಂದೇ ಪದ, ಟೆಲೆಬಿರ್. 2021ರಲ್ಲಿ ಅಲ್ಲಿನ ದೂರಸಂಪರ್ಕ ಸಂಸ್ಥೆ ಆರಂಭಿಸಿದ ಆ ಮೊಬೈಲ್ ಹಣವನ್ನು ನನ್ನವರೆಗೆ ತರುವ ದಾರಿಯನ್ನು ನಾನಿನ್ನೂ ಕಂಡುಕೊಂಡಿಲ್ಲ. ಅಲ್ಲಿಯವರೆಗೆ ಬಳಸಿ ಎಂದು ಅವರಿಗೆ ಮೂರು ತಿಂಗಳ ಕೀ ಕಳಿಸಿದ್ದೇನೆ.