ರಿಂಗ್ ಎಲ್ಲಿ ನಿಂತಿದೆ?

“ಗಾಳಿ ಎಷ್ಟಾದರೂ ಇರಲಿ ಅಂಕಲ್, ಕೆಳಗಿಳಿದ ಮೇಲೆ ರಿಂಗ್ ಎಲ್ಲಿ ನಿಂತಿದೆ ಅಂತ ನೋಡಿದ್ರಾ?”

ಯಲಹಂಕದಾಚೆಯ ಆವಲಹಳ್ಳಿ ಕಾಡಿನಲ್ಲಿ ಈ ಭಾನುವಾರ ಹೈಸ್ಕೂಲಿನ ಹುಡುಗಿಯೊಬ್ಬಳು ನನ್ನ ಗೆಳೆಯನನ್ನು ಕೇಳಿದ ಈ ಪ್ರಶ್ನೆ ವಾರವಿಡೀ ನನ್ನ ತಲೆಯಿಂದ ಇಳಿದಿಲ್ಲ. ಅವಳು ಕೇಳುವ ಹೊತ್ತಿಗೆ ಅಲ್ಲಿ ದೊಡ್ಡ ಚರ್ಚೆಯೇ ನಡೆದಿತ್ತು. ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡ, ಎರಡೂ ಚಕ್ರಗಳಿಗೆ ಹೊಡೆತ ನುಂಗುವ ವ್ಯವಸ್ಥೆಯಿರುವ ಫುಲ್ ಸಸ್ಪೆನ್ಷನ್ ಸೈಕಲ್ಲು ಕಲ್ಲಿನ ಇಳಿಜಾರಿನಲ್ಲಿ ಬೆನ್ನು ಮುರಿಯುವಂತೆ ಕುಲುಕುತ್ತದೆ ಎಂಬುದು ಗೆಳೆಯನ ದೂರು. ಗುಂಪಿನ ಹಿರಿಯರೊಬ್ಬರು ಸೀಟನ್ನು ಅಂಗೈಯಿಂದ ಎರಡು ಸಲ ಒತ್ತಿ ನೋಡಿ, ಹಿಂಚಕ್ರದ ಹೊಡೆತ ನುಂಗುವ ಈ ಗಾಳಿಯ ಶಾಕ್‌ಗಳ ಹಣೆಬರಹವೇ ಇಷ್ಟು, ಸುರುಳಿ ಸ್ಪ್ರಿಂಗಿನ ಕಾಯಿಲ್ ಶಾಕ್ ಹಾಕಿಸು ಎಂದು ತೀರ್ಪು ಕೊಟ್ಟಿದ್ದರು. ಶಾಕ್‌ನಲ್ಲಿದ್ದ 210 ಪಿಎಸ್‌ಐ ಗಾಳಿಯೊತ್ತಡ ಕೂಡ ಅವರು ಹೇಳಿದ್ದೇ, ಏಕೆಂದರೆ ಅವರ ಸೈಕಲ್ಲಿನಲ್ಲಿ ಅಷ್ಟೇ ಇದೆ. ಅವರ ತೂಕ 84 ಕಿಲೋ, ನನ್ನ ಗೆಳೆಯನದು 62.

ಹುಡುಗಿಯ ಮಾತಿಗೆ ಯಾರೂ ಉತ್ತರಿಸಲಿಲ್ಲ. ಹಿರಿಯರು ನಕ್ಕು, “ನೀನಿನ್ನೂ ಚಿಕ್ಕವಳಮ್ಮ” ಎಂದರು. ಅವಳೇ ಬಗ್ಗಿ ನೋಡಿದಳು. ಶಾಕ್‌ನ ಹೊಳೆಯುವ ದಂಡದ ಮೇಲೆ ತೆಳ್ಳನೆಯ ರಬ್ಬರ್ ಉಂಗುರವೊಂದಿರುತ್ತದೆ. ಶಾಕ್ ಎಷ್ಟು ಕುಗ್ಗುತ್ತದೆಯೋ ಅಷ್ಟು ದೂರ ಅದನ್ನು ತಳ್ಳಿ ಅಲ್ಲೇ ಬಿಟ್ಟು ಬರುತ್ತದೆ. 50 ಮಿಲಿಮೀಟರ್ ಸ್ಟ್ರೋಕ್, ಅಂದರೆ ಒಟ್ಟು ಅಷ್ಟು ಕುಗ್ಗಬಲ್ಲ ಆ ಶಾಕ್‌ನಲ್ಲಿ, ಆ ಕಾಡಿನ ಅತ್ಯಂತ ಒರಟು ಇಳಿಜಾರನ್ನು ಮುಗಿಸಿ ಬಂದ ಮೇಲೂ, ಉಂಗುರ ಸುಮಾರು 30ರ ಹತ್ತಿರ ನಿಂತಿತ್ತು. ಹಿಂಚಕ್ರಕ್ಕೆ 140 ಮಿಲಿಮೀಟರ್ ಓಡಾಟವಿರುವ ಸೈಕಲ್ಲಿಗೆ ಹಣ ತೆತ್ತು ಅದರಲ್ಲಿ ಹೆಚ್ಚುಕಡಿಮೆ ಐದನೇ ಮೂರು ಭಾಗವನ್ನಷ್ಟೇ ನನ್ನ ಗೆಳೆಯ ಬಳಸುತ್ತಿದ್ದ. ಉಳಿದದ್ದು ಸಾಗಿಸುವ ಹೊರೆ.

ಆ ಮಧ್ಯಾಹ್ನ ನಾವಿಬ್ಬರೂ ಸಾವಕಾಶವಾಗಿ ಕೂತು ಕೆಲಸಕ್ಕಿಳಿದೆವು. ಸವಾರಿಯ ಬೂಟು, ಹೆಲ್ಮೆಟ್, ನೀರು ತುಂಬಿದ ಬೆನ್ನಚೀಲ ಎಲ್ಲವನ್ನೂ ತೊಟ್ಟು, ಶಾಕ್ ಕುಗ್ಗುವುದನ್ನು ಬಿಗಿಮಾಡುವ ಕಂಪ್ರೆಷನ್ ಲಿವರನ್ನು ಪೂರ್ತಿ ತೆರೆದು, ಗೋಡೆಗೆ ಮೊಣಕೈ ಆನಿಸಿ ಸೈಕಲ್ಲೇರಿ, ಉಂಗುರವನ್ನು ದಂಡ ಒಳಸೇರುವ ಬಾಯಿಯ ಸೀಲ್‌ಗೆ ತಾಗಿಸಿ, ಒಂದಿಷ್ಟೂ ಪುಟಿಯದಂತೆ ಮೆಲ್ಲಗೆ ಇಳಿದರೆ, ನಮ್ಮ ತೂಕಕ್ಕೆ ಶಾಕ್ ಎಷ್ಟು ಕುಸಿಯುತ್ತದೆಂಬುದು ತಿಳಿಯುತ್ತದೆ. ಇದೇ ಸ್ಯಾಗ್. ಇಂಥ ಸೈಕಲ್ಲಿಗೆ ಅದು ಸ್ಟ್ರೋಕ್‌ನ ಶೇಕಡಾ 25ರಿಂದ 30 ಇರಬೇಕು, ಅಂದರೆ ಈ ಶಾಕ್‌ನಲ್ಲಿ 15 ಮಿಲಿಮೀಟರ್‌ವರೆಗೆ. ನಮಗೆ ಸಿಕ್ಕಿದ್ದು 9. ಗಾಳಿಯನ್ನು ಸ್ವಲ್ಪಸ್ವಲ್ಪವೇ ಬಿಡುತ್ತಾ, ಬಿಟ್ಟಾಗಲೆಲ್ಲ ಶಾಕ್ ಅನ್ನು ಹಲವು ಬಾರಿ ನಿಧಾನವಾಗಿ ಒತ್ತಿ, ಒಳಗಿನ ಎರಡು ಗಾಳಿಕೋಣೆಗಳ ಒತ್ತಡ ಸಮನಾದ ಮೇಲೆ ಮತ್ತೆ ಅಳೆಯುತ್ತಾ ಹೋದಾಗ, 155 ಪಿಎಸ್‌ಐ ಹತ್ತಿರ ಲೆಕ್ಕ ಕೂಡಿಬಂತು. ಪಂಪ್ ಕಳಚುವಾಗ ಬರುವ ‘ಸುಸ್’ ಸದ್ದಿಗೆ ಗಾಬರಿಯಾಗಿ ಗೆಳೆಯ ಪ್ರತಿಸಲವೂ ಒಂದಿಷ್ಟು ಹೆಚ್ಚಿಗೆ ತುಂಬಿಸುತ್ತಿದ್ದನಂತೆ. ಆ ಸದ್ದು ಪಂಪಿನ ಕೊಳವೆಯಲ್ಲಿ ಉಳಿದ ಗಾಳಿಯದು, ಶಾಕ್‌ನದಲ್ಲ.

ನಿಜವಾದ ತೊಡಕು ಇದ್ದದ್ದು, ಕುಗ್ಗಿದ ಶಾಕ್ ಮತ್ತೆ ಹಿಗ್ಗುವ ವೇಗವನ್ನು ಹಿಡಿತದಲ್ಲಿಡುವ ರಿಬೌಂಡ್ ತಿರುಪಿನಲ್ಲಿ. “ಸೈಕಲ್ಲು ಪುಟಿಯಬಾರದು” ಎಂಬ ಸಲಹೆಯಂತೆ ಅದನ್ನು ಬಲಕ್ಕೆ, ಕೊನೆಯವರೆಗೂ ತಿರುಗಿಸಿಡಲಾಗಿತ್ತು. ಹಾಗೆ ಮಾಡಿದರೆ ಕುಗ್ಗಿದ ಶಾಕ್ ಹಿಗ್ಗುವುದು ತೀರಾ ನಿಧಾನವಾಗುತ್ತದೆ. ಒಂದು ಕಲ್ಲಿನ ಹೊಡೆತದಿಂದ ಅದು ಮೇಲೇಳುವ ಮೊದಲೇ ಇನ್ನೊಂದು ಕಲ್ಲು, ಅದರ ಬೆನ್ನಿಗೆ ಮತ್ತೊಂದು ಎದುರಾಗಿ, ಸೈಕಲ್ಲು ಹೆಜ್ಜೆಹೆಜ್ಜೆಗೂ ಕೆಳಗಿಳಿದು ಕೊನೆಗೆ ಬಿಗಿದ ಮರದ ತುಂಡಿನಂತೆ ವರ್ತಿಸುತ್ತದೆ. ಗಾಳಿ ಕಡಿಮೆ ಮಾಡಿದರೆ ಮೇಲಕ್ಕೆ ತಳ್ಳುವ ಬಲವೂ ತಗ್ಗುವುದರಿಂದ, 55 ಪಿಎಸ್‌ಐ ಇಳಿಸಿದ ಮೇಲೆ ರಿಬೌಂಡನ್ನು ಇನ್ನಷ್ಟು ಸಡಿಲಿಸಲೇಬೇಕಿತ್ತು. ಮರುದಿನ ಬೆಳಿಗ್ಗೆ ಅದೇ ಇಳಿಜಾರನ್ನು ಇಳಿದು ಬಂದವನು ಮೊದಲು ಮಾಡಿದ್ದು ಉಂಗುರವನ್ನು ನೋಡಿದ್ದು. ಅದು 46ರಲ್ಲಿ ನಿಂತಿತ್ತು. ಶಾಕ್ ತಳ ಮುಟ್ಟುತ್ತಿದ್ದರೆ ಗಾಳಿಕೋಣೆಯಲ್ಲಿ ಜಾಗ ಕಿರಿದಾಗಿಸುವ ಇನ್ನೊಂದು ಸ್ಪೇಸರ್ ಸೇರಿಸಿ ಕೊನೆಯ ಹಂತವನ್ನು ಬಿಗಿಗೊಳಿಸಬೇಕಾಗುತ್ತಿತ್ತು. ಅದರ ಪ್ರಮೇಯ ಬರಲಿಲ್ಲ.

ಕಾಯಿಲ್ ಶಾಕ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಸಣ್ಣಸಣ್ಣ ಉಬ್ಬುತಗ್ಗುಗಳನ್ನು ಅದು ನುಂಗುವ ಪರಿ ಸೊಗಸಾದದ್ದು, ಉದ್ದದ ಇಳಿಜಾರಿನಲ್ಲಿ ಬಿಸಿಯಾದರೂ ಅದರ ಸ್ಪ್ರಿಂಗ್ ಸ್ವಭಾವ ಬದಲಿಸುವುದಿಲ್ಲ. ಆದರೆ ಅದರ ಸ್ಪ್ರಿಂಗಿಗೆ ಮೊದಲಿನಿಂದ ಕೊನೆಯವರೆಗೂ ಒಂದೇ ಗಡಸುತನ. ಕೊನೆಯಲ್ಲಿ ಬೇಕಾದ ಬಿಗಿಯನ್ನು ಫ್ರೇಮಿನ ಜೋಡಣೆಯೇ ಒದಗಿಸಬೇಕು, ಇಲ್ಲದಿದ್ದರೆ ದೊಡ್ಡ ನೆಗೆತಗಳಲ್ಲಿ ಅದು ತಳಕ್ಕೆ ಬಡಿಯುತ್ತದೆ. ತೂಕಕ್ಕೆ ತಕ್ಕ ಸ್ಪ್ರಿಂಗ್ ಅಲ್ಲದಿದ್ದರೆ ಇನ್ನೊಂದನ್ನು ಕೊಳ್ಳಬೇಕು. ಶಾಕ್‌ನ ಉದ್ದ, ಸ್ಟ್ರೋಕ್ ಎರಡೂ ಕರಾರುವಾಕ್ಕಾಗಿ ಹೊಂದಬೇಕು, ಅದಕ್ಕೆ ಫ್ರೇಮ್ ತಯಾರಕರ ಒಪ್ಪಿಗೆಯೂ ಇರಬೇಕು. ಹಿರಿಯರ ತೀರ್ಪಿನಲ್ಲಿ ಇವುಗಳಲ್ಲಿ ಯಾವುದೂ ಇರಲಿಲ್ಲ.

ಅವರು ಒಳ್ಳೆಯವರೇ. ಪಂಕ್ಚರ್ ಆದ ಯಾರನ್ನೂ ಕಾಡಿನಲ್ಲಿ ಬಿಟ್ಟು ಹೋದವರಲ್ಲ. ಆದರೆ ಅವರ ಮಾತನ್ನು ಎಲ್ಲರೂ ತಲೆಬಾಗಿ ಕೇಳುವುದು ಅವರ ಸೈಕಲ್ಲಿನ ಬೆಲೆಗಾಗಿ ಎಂಬ ನನ್ನ ಗುಮಾನಿ ಈ ವಾರ ಗಟ್ಟಿಯಾಯಿತು. ಹುಡುಗಿಯದು ಸಾಧಾರಣ ಸೈಕಲ್ಲು, ಅವಳ ಮಾತಿಗೂ ಅಷ್ಟೇ ಬೆಲೆ ಸಿಕ್ಕಿತು. ಇನ್ನೊಂದು ಸಂಗತಿಯೂ ಇದೆ. ಮನೆಯ ಹಳೆಯ ಕರಿ ಸೈಕಲ್ಲಿಗೆ ಗಾಳಿ ಹೊಡೆಸಿ, ಟೈರನ್ನು ಹೆಬ್ಬೆರಳಿನಿಂದ ಒತ್ತಿ, ಅದು ಕಲ್ಲಿನಂತಿದ್ದರೆ ಸಮಾಧಾನಪಡುತ್ತ ಬೆಳೆದವರು ನಾವು. ಕ್ಯಾರಿಯರ್ ಮೇಲೆ ಮೂಟೆಯೋ ಮನುಷ್ಯನೋ ಕೂರುವ ಸೈಕಲ್ಲಿಗೆ ಅದು ಸರಿಯೇ ಆಗಿತ್ತು. ಮೆತ್ತಗಿದ್ದರೆ ದುರ್ಬಲ, ಗಟ್ಟಿಯಿದ್ದರೆ ಭದ್ರ ಎಂಬ ಆ ಎಣಿಕೆ ನಮ್ಮ ಬೆರಳುಗಳಲ್ಲೇ ಉಳಿದುಬಿಟ್ಟಿದೆ. ಕುಗ್ಗುವುದಕ್ಕೆಂದೇ ಮಾಡಿದ ಯಂತ್ರ ಕುಗ್ಗಿದೊಡನೆ ಏನೋ ಕೆಟ್ಟಿದೆ ಎಂದು ಪಂಪ್ ಹುಡುಕುತ್ತೇವೆ.

ಬುಧವಾರ ಹಿರಿಯರೇ ಫೋನ್ ಮಾಡಿ, “ಈಗ ಎಷ್ಟು ಪಿಎಸ್‌ಐ ಇಟ್ಟಿದ್ದೀಯಪ್ಪಾ?” ಎಂದು ವಿಚಾರಿಸಿದರಂತೆ. ಅವರೂ ಅಷ್ಟಕ್ಕೇ ಇಳಿಸಿಬಿಟ್ಟಾರು ಎಂಬ ಭಯದಿಂದ ಗೆಳೆಯ ಸಂಖ್ಯೆ ಹೇಳದೆ, ಸ್ಯಾಗ್ ಅಳೆಯುವ ಕ್ರಮವನ್ನು ವಿವರಿಸಿದ್ದಾನೆ. ಹಳೆಯ ಮಾಲೀಕರು ಶಾಕ್‌ನ ಸರ್ವಿಸ್ ಯಾವಾಗ ಮಾಡಿಸಿದ್ದರೋ ಗೊತ್ತಿಲ್ಲ. ಗಾಳಿಕೋಣೆಯ ಸೀಲ್‌ಗಳನ್ನು ಸುಮಾರು 50 ಗಂಟೆಗಳ ಸವಾರಿಗೊಮ್ಮೆ ಶುಚಿಗೊಳಿಸಿ ಎಣ್ಣೆ ಹಾಕುವುದು ರೂಢಿಯಾದ್ದರಿಂದ, ಕಾಯಿಲ್ ಶಾಕ್‌ಗೆ ಎತ್ತಿಟ್ಟ ಹಣದಲ್ಲಿ ಅವನು ಸದ್ಯಕ್ಕೆ ಒಂದು ಸೀಲ್ ಕಿಟ್ ತರಿಸುತ್ತಿದ್ದಾನೆ.